ಎಳೆತ ಭಾರಿ ಇರಬೇಕು, ಸದ್ದು ಕಡಿಮೆ ಇರಬೇಕು: ಯಾವ ಟೇಕ್‌ಡೌನ್ ಲಾಂಗ್‌ಬೋ ತಗೊಳ್ಳಲಿ?

ಸಪ್ತಾಪುರದ ಬಾಣ, ಧಾರವಾಡ

ಎಲ್ಲರಿಗೂ ನಮಸ್ಕಾರ. ಈಗ ನನ್ನ ಹತ್ತಿರ 30 ಪೌಂಡಿನ ಟೇಕ್‌ಡೌನ್ ರಿಕರ್ವ್ (ಬಿಚ್ಚಿ ಜೋಡಿಸುವ, ತುದಿ ಆಚೆಗೆ ಬಾಗಿದ ಬಿಲ್ಲು) ಇದೆ. ಕಲಿತದ್ದೆಲ್ಲ ಅದರಲ್ಲೇ. ಗುರಿ ನೋಡುವ ಸೈಟ್ ಇಲ್ಲ, ಅಲುಗಾಟ ತಡೆಯುವ ಸ್ಟೆಬಿಲೈಸರ್ ಇಲ್ಲ. ಇನ್ನು ಲಾಂಗ್‌ಬೋ, ಅಂದರೆ ತುದಿ ಅಷ್ಟು ಬಾಗದ ಉದ್ದ ಬಿಲ್ಲು, ಹಿಡಿಯಬೇಕು ಅಂತ ಆಸೆ.

ಬಿಲ್ಲು ಭಾರಿ ಇರಬೇಕು, 50 ಪೌಂಡ್ ಅಂದುಕೊಂಡಿದ್ದೇನೆ. ಬಿಚ್ಚಿ ಬ್ಯಾಗಿಗೆ ಹಾಕುವಂತಿರಬೇಕು. ಭಾನುವಾರ ಮುಳಗುಂದದ ಹತ್ತಿರ ಸೋದರಮಾವನ ಹೊಲಕ್ಕೆ ಬಸ್ಸಿನಲ್ಲಿ ಹೋಗುತ್ತೇನೆ. ಐದೂವರೆ ಅಡಿ ಕೋಲು ಹಿಡಿದು ಹತ್ತಿದರೆ ಕಂಡಕ್ಟರ್ ಸುಮ್ನೆ ಬಿಡುವುದಿಲ್ಲ. ಇನ್ನೊಂದು ಮಾತು, ಸದ್ದು ಕಡಿಮೆ ಇರಬೇಕು. ವಾರದ ದಿನಗಳಲ್ಲಿ ಮನೆ ಹಿತ್ತಲಲ್ಲೇ ಹತ್ತು ಮೀಟರಿನಿಂದ ಹೊಡೆಯುತ್ತೇನೆ. ಪಕ್ಕದ ಮನೆಯ ಅಜ್ಜಾರು ಮಧ್ಯಾಹ್ನ ಮಲಗುತ್ತಾರೆ. ಈಗಿನ ಬಿಲ್ಲಿನ ಸದ್ದಿಗೇ ಕಿಟಕಿ ತೆಗೆದು ನೋಡುತ್ತಾರೆ.

ಬಜೆಟ್ ಮೂವತ್ತು ಸಾವಿರದೊಳಗೆ. ಯಾವುದು ತಗೊಳ್ಳಲಿ?

ಕಪ್ಪತಗುಡ್ಡದ ಗಾಳಿ, ಗದಗ

ತಮ್ಮಾ, ಮೊದಲು ಒಂದು ಕೇಳುತ್ತೇನೆ. ಭಾರಿ ಅಂದದ್ದು ಎಳೆತಕ್ಕಾ (ಹೆದೆ ಎಳೆಯಲು ಬೇಕಾದ ಬಲ), ಕೈಯಲ್ಲಿ ಹಿಡಿದಾಗಿನ ತೂಕಕ್ಕಾ? ಎರಡೂ ಬೇರೆ. ರೈಸರ್, ಅಂದರೆ ನಡುವಿನ ಹಿಡಿಕೆ ಭಾಗ, ತೂಕ ಇದ್ದರೆ ಬಿಲ್ಲು ಶಾಂತವಾಗುತ್ತದೆ. ಎಳೆತದ ಪೌಂಡ್ ಏರಿಸಿದರೆ ಅದು ತಾನಾಗಿ ಶಾಂತವಾಗುವುದಿಲ್ಲ.

ನಿನ್ನ ಎಳೆತದ ಉದ್ದವನ್ನೂ, ಅಂದರೆ ಹೆದೆ ಎಷ್ಟು ಹಿಂದಕ್ಕೆ ಬರುತ್ತದೆ ಅನ್ನುವುದನ್ನೂ ಹೇಳು. ಎರಡೂ ಕೈ ಚಾಚಿ ಬೆರಳ ತುದಿಯಿಂದ ತುದಿಗೆ ಇಂಚಿನಲ್ಲಿ ಅಳೆದು 2.5ರಿಂದ ಭಾಗಿಸು. ಅಂದಾಜು ಸಿಗುತ್ತದೆ.

ಸಪ್ತಾಪುರದ ಬಾಣ

ಹೇಳಿದ್ದು ಎಳೆತಕ್ಕೇ ಅಣ್ಣಾ. ಆದರೆ ಕೈಯಲ್ಲೂ ಸ್ವಲ್ಪ ತೂಕ ಇದ್ದರೆ ಬೇಡ ಅನ್ನುವುದಿಲ್ಲ. ಕೈ ಚಾಚಿದರೆ 68 ಇಂಚು. ಅಂದರೆ ಎಳೆತದ ಉದ್ದ 27 ಇಂಚಿನ ಸುತ್ತ.

ಕಪ್ಪತಗುಡ್ಡದ ಗಾಳಿ

ಹಾಗಾದರೆ ಕೇಳು. ಲಿಂಬ್ (ಬಿಲ್ಲಿನ ಬಾಗುವ ತೋಳು) ಮೇಲೆ ಬರೆದಿರುವ ಪೌಂಡ್ 28 ಇಂಚು ಎಳೆತಕ್ಕೆ ಅಳೆದದ್ದು. ಒಂದು ಇಂಚು ಕಡಿಮೆ ಎಳೆದರೆ ಎರಡರಿಂದ ಮೂರು ಪೌಂಡ್ ಇಳಿಯುತ್ತದೆ. ನಿನ್ನ ಕೈಗೆ 50ರ ಬಿಲ್ಲು 47 ಆಸುಪಾಸು ಬರುತ್ತದೆ.

ಇನ್ನು ಸದ್ದಿನ ವಿಷಯ. ಬಿಲ್ಲು ಎಳೆದು ತುಂಬಿದ ಶಕ್ತಿಯೆಲ್ಲ ಬಾಣಕ್ಕೆ ಹೋಗುವುದಿಲ್ಲ. ಬಾಣ ತಗೊಳ್ಳದೆ ಬಿಟ್ಟದ್ದು ಲಿಂಬಿನಲ್ಲಿ, ಹೆದೆಯಲ್ಲಿ, ನಿನ್ನ ಮಣಿಕಟ್ಟಿನಲ್ಲಿ ನಡುಕವಾಗಿ ಉಳಿಯುತ್ತದೆ. ನಮ್ಮ ಕಿವಿಗೆ ಕೇಳುವುದು ಆ ನಡುಕ. ಬಾಣ ಹಗುರವಾದಷ್ಟೂ ಉಳಿಕೆ ಜಾಸ್ತಿ. ಬಾಣ ಭಾರವಾದಷ್ಟೂ ಅದು ನಿಧಾನಕ್ಕೆ ಹೊರಡುತ್ತದೆ, ಹೆಚ್ಚು ಶಕ್ತಿ ಹೊತ್ತುಕೊಂಡು ಹೋಗುತ್ತದೆ, ಬಿಲ್ಲಿಗೆ ಕಡಿಮೆ ಬಿಡುತ್ತದೆ. ಏನೂ ಬಾಣ ಇಲ್ಲದೆ ಹೆದೆ ಬಿಟ್ಟರೆ ಬಿಲ್ಲು ಒಡೆಯುವುದೂ ಇದೇ ಕಾರಣಕ್ಕೆ.

ಲೆಕ್ಕ ಹೀಗೆ. ಬಾಣದ ತೂಕವನ್ನು ಗ್ರೇನ್‌ನಲ್ಲಿ ಅಳೆಯುತ್ತೇವೆ. 7000 ಗ್ರೇನ್ ಅಂದರೆ ಒಂದು ಪೌಂಡ್. ನಮ್ಮ ಲೆಕ್ಕದಲ್ಲಿ ಒಂದು ಗ್ರಾಮಿಗೆ ಹದಿನೈದೂವರೆ ಗ್ರೇನ್‌ಗೆ ಸ್ವಲ್ಪ ಕಮ್ಮಿ. ಎಳೆತದ ಒಂದು ಪೌಂಡಿಗೆ 8 ಗ್ರೇನ್ ಬಾಣ ಹಾಕಿದರೆ ಬಿಲ್ಲು ಕಿರುಚುತ್ತದೆ. 9 ಪರವಾಗಿಲ್ಲ. 10 ದಾಟಿದರೆ ಅದೇ ಬಿಲ್ಲು ಬೇರೆಯೇ ಬಿಲ್ಲು ಅನ್ನಿಸುತ್ತದೆ. ವೇಗ ಕಡಿಮೆಯಾಗುತ್ತದೆ, ಹೌದು. ಆದರೆ ನೀನು ಹೊಡೆಯುವುದು ಹತ್ತು, ಇಪ್ಪತ್ತು ಮೀಟರಿಗೆ. ಅಲ್ಲಿ ವೇಗ ಯಾರಿಗೆ ಬೇಕು?

ಅಂಗಡಿಯವರು 'ಅತ್ಯಂತ ಸೈಲೆಂಟ್' ಎಂದು ಬರೆದಿದ್ದರೆ ಅದಕ್ಕೆ ದುಡ್ಡು ಕೊಡಬೇಡ. ಯಾವ ಬಾಣ ಹಾಕಿ, ಯಾವ ಹೆದೆ ಕಟ್ಟಿ ಕೇಳಿದರು ಅಂತ ಅಲ್ಲಿ ಇರುವುದಿಲ್ಲ.

ಒಂದೇ ತುಂಡು, ಹಾವೇರಿ

ನನ್ನ ಹೆಸರೇ ನನ್ನ ಪಕ್ಷ ಹೇಳುತ್ತದೆ. ಶಾಂತವಾದ ಬಿಲ್ಲು ಬೇಕು ಅಂದಮೇಲೆ ಅದನ್ನು ಮೂರು ತುಂಡು ಮಾಡುವುದೇಕೆ? ಪ್ರತಿ ಜೋಡಣೆಯೂ ಸದ್ದು ಹುಟ್ಟುವ ಜಾಗ. ಬೋಲ್ಟ್ ಸಡಿಲ ಆದರೆ ಕಿರಕಿರ, ಬಿಗಿ ಜಾಸ್ತಿಯಾದರೆ ಮರ ಬಿರುಕು. ಒಂದೇ ತುಂಡಿನ 64 ಇಂಚಿನ ಬೇರ್ ಮೊಂಟಾನಾ ಹಿಡಿದು ನೋಡಿ. ಹೆದೆ ಕಟ್ಟಿ, ಹೊಡೆದು, ಬಿಚ್ಚಿ, ಗೋಡೆಗೆ ನೇತುಹಾಕಿ. ಮುಗಿಯಿತು.

ಬಸ್ಸಿನ ಸಮಸ್ಯೆಗೆ ಪಿವಿಸಿ ಪೈಪ್ ಇದೆ, ಬಿಲ್ಲನ್ನು ಅದರೊಳಗೆ ಹಾಕಿ.

ಹಳೇ ಹುಬ್ಬಳ್ಳಿ ಕೆತ್ತನೆ, ಹುಬ್ಬಳ್ಳಿ

ಪಿವಿಸಿ ಪೈಪ್ ಹಿಡಿದು ಚಿಗರಿ ಬಸ್ ಹತ್ತಿ ನೋಡಿ ಸರ್, ಆಮೇಲೆ ಮಾತಾಡೋಣ. 🙂

ಜೋಡಣೆಯ ಸದ್ದು ನಿಜ. ಆದರೆ ಅದು ಸರಿಯಾಗುವ ಸದ್ದು. ನಾನು ಮರಗೆಲಸದವನು, ಇಂಥದ್ದನ್ನು ದಿನಾ ನೋಡುತ್ತೇನೆ. ಲಿಂಬ್ ಕೂರುವ ಜಾಗದಲ್ಲಿ ಧೂಳು ಒರೆಸಿ, ಮೇಣದಬತ್ತಿ ಉಜ್ಜಿ. ಆಗಲೂ ಕಿರ್ ಅಂದರೆ ತೆಳು ಚರ್ಮದ ಒಂದು ಚೂರು ಅಂಟಿಸಿ. ಬೋಲ್ಟನ್ನು ಕೈಯಿಂದ ತಿರುಗಿಸಿ ಕೂರಿಸಿದರೆ ಸಾಕು. ಪಾನಾ ಹಾಕಿ ಜಗ್ಗಬೇಡಿ.

ಟೇಕ್‌ಡೌನ್‌ನಲ್ಲಿ ಮುಖ್ಯವಾಗಿ ಮೂರು ದಾರಿ ಇವೆ.

ಎರಡು ತುಂಡಿನದು ಹಿಡಿಕೆಯ ಮಧ್ಯದಲ್ಲಿ ಕೊಳವೆಯೊಳಗೆ ಕೂರುತ್ತದೆ, ಇಲ್ಲವೆ ಲೋಹದ ಕೀಲಿನಲ್ಲಿ ಸೇರುತ್ತದೆ. ಹೆದೆ ಕಟ್ಟಿದ ಮೇಲೆ ಒಂದೇ ತುಂಡಿನ ಬಿಲ್ಲಿನಂತೆಯೇ ಕಾಣುತ್ತದೆ, ಹಾಗೆಯೇ ಹಗುರವೂ ಇರುತ್ತದೆ. 64 ಇಂಚಿನ ಬಿಲ್ಲು 32 ಇಂಚಿನ ಎರಡು ತುಂಡಾಗುತ್ತದೆ. ನೋಡಲು ಚೆಂದ. ಆದರೆ ಮುಂದೆ ಪೌಂಡ್ ಬದಲಿಸಬೇಕೆಂದರೆ ಹೊಸ ಬಿಲ್ಲೇ ಬೇಕು.

ಮೂರು ತುಂಡಿನದು ನಡುವೆ ದಪ್ಪ ರೈಸರ್, ಮೇಲೆ ಕೆಳಗೆ ಬೋಲ್ಟ್ ಹಾಕಿದ ಲಿಂಬ್. 62 ಇಂಚಿನ ಬಿಲ್ಲಿನ ಅತಿ ಉದ್ದದ ತುಂಡು ಎರಡು ಅಡಿ ಚಿಲ್ಲರೆ. ಶಾಲೆ ಮಕ್ಕಳ ಬ್ಯಾಗಿಗಿಂತ ಸ್ವಲ್ಪ ಉದ್ದದ್ದು ಸಾಕು. ತೂಕ ಬೇಕು ಅಂದವರಿಗೆ ಇದೇ ಸರಿ, ಏಕೆಂದರೆ ರೈಸರ್‌ನಲ್ಲಿ ಮರ ಜಾಸ್ತಿ. ಬೀಟೆಯಂಥ ಗಟ್ಟಿ ಮರ ಇದ್ದರೆ ಇನ್ನೂ ಒಳ್ಳೆಯದು. ಸಾಗುವಾನಿ ಚೆಂದ, ಆದರೆ ಬೀಟೆಗಿಂತ ಹಗುರ.

ಮೂರನೆಯದು ಐಎಲ್ಎಫ್. ಅಂದರೆ ಯಾವ ಕಂಪನಿಯ ರೈಸರ್‌ಗೂ ಯಾವ ಕಂಪನಿಯ ಲಿಂಬೂ ಕೂರುವ ಒಂದು ಅಳತೆ. ಇದಕ್ಕೆ ಲಾಂಗ್‌ಬೋ ಲಿಂಬ್‌ಗಳೂ ಸಿಗುತ್ತವೆ. ಲೋಹದ ರೈಸರ್ ಆದರೆ ಕೈಯಲ್ಲಿ ಒಳ್ಳೆಯ ತೂಕ. ಬೋಲ್ಟ್ ತಿರುಗಿಸಿ ಎಳೆತವನ್ನು ಸ್ವಲ್ಪ ಏರಿಸಬಹುದು, ಇಳಿಸಬಹುದು. ಒಂದು ಎಚ್ಚರ: ಆ ಲಿಂಬ್ ಮೇಲಿನ ಪೌಂಡನ್ನು ಹೆಚ್ಚಾಗಿ 25 ಇಂಚಿನ ಉದ್ದ ರೈಸರ್‌ಗೆ ಅಳೆದಿರುತ್ತಾರೆ. ಅದನ್ನೇ 19 ಇಂಚಿನ ರೈಸರ್‌ಗೆ ಹಾಕಿದರೆ ಎಳೆತ ಏರುತ್ತದೆ. ಯಾವ ರೈಸರ್‌ಗೆ ಅಳೆದದ್ದು ಅಂತ ಕೇಳದೆ ದುಡ್ಡು ಕಳಿಸಬೇಡಿ.

ಒಂದೇ ತುಂಡು

ಲೋಹದ ರೈಸರ್ ಹಾಕಿ ಲಾಂಗ್‌ಬೋ ಅನ್ನುವುದಾದರೆ ನಾನು ಮಾತಾಡುವುದಿಲ್ಲ. ಲಾಂಗ್‌ಬೋ ಹಿಡಿದೇ ಹೆಸರಾದ ಅಮೆರಿಕದ ಹೋವರ್ಡ್ ಹಿಲ್ 1975ರಲ್ಲಿ ತೀರಿಕೊಂಡದ್ದು ಒಳ್ಳೆಯದಾಯಿತು, ಇದನ್ನೆಲ್ಲ ನೋಡಲಿಲ್ಲ.

ಕಪ್ಪತಗುಡ್ಡದ ಗಾಳಿ

ಹಿಲ್ ಅವರ ಹೆಸರು ಬಂದದ್ದರಿಂದ ಹೇಳುತ್ತೇನೆ. ಅವರು ಹಿಡಿಯುತ್ತಿದ್ದಂಥ ಬಿಲ್ಲಿನ ಲಿಂಬ್ ನೇರ, ಅಗಲ ಕಡಿಮೆ, ದಪ್ಪ ಜಾಸ್ತಿ, ಹಿಡಿಕೆ ಹಗುರ. ಸದ್ದು ಕಡಿಮೆಯೇ. ಆದರೆ ಬಾಣ ಬಿಟ್ಟಾಗ ಕೈಗೆ ಒಂದು ಏಟು ಕೊಡುತ್ತದೆ. ಅಭ್ಯಾಸ ಇದ್ದವರಿಗೆ ಅದೇ ಖುಷಿ. ಹೊಸಬರಿಗೆ ಮೊಣಕೈ ನೋವು.

ನೀನು ನೋಡಬೇಕಾದದ್ದು ಹಿಡಿಕೆಯ ಹತ್ತಿರ ನಮ್ಮ ಕಡೆಗೆ ಬಾಗಿ, ತುದಿಯಲ್ಲಿ ಆ ಕಡೆಗೆ ಬಾಗಿದ ಲಿಂಬ್. ಇದಕ್ಕೆ ಹೈಬ್ರಿಡ್ ಲಾಂಗ್‌ಬೋ ಅನ್ನುತ್ತಾರೆ. ಕೈಗೆ ಏಟು ಕಡಿಮೆ, ವೇಗ ಸ್ವಲ್ಪ ಜಾಸ್ತಿ. ತುದಿ ತೆಳುವಾಗಿರಬೇಕು. ದಪ್ಪ ತುದಿ ಅಂದರೆ ಹೊಡೆದ ಮೇಲೆ ನಿಲ್ಲಿಸಬೇಕಾದ ತೂಕ ಅಷ್ಟೂ ತುದಿಯಲ್ಲಿರುತ್ತದೆ.

ಒಂದು ಪರೀಕ್ಷೆ ಇದೆ. ಹೆದೆ ಕಟ್ಟಿ ನಿಲ್ಲಿಸಿದಾಗ ಅದು ಲಿಂಬಿನ ತುದಿಯ ಕಚ್ಚು ಬಿಟ್ಟು ಬೇರೆಲ್ಲೂ ಬಿಲ್ಲನ್ನು ಮುಟ್ಟಬಾರದು. ಅಂತರರಾಷ್ಟ್ರೀಯ ಬಿಲ್ಲುಗಾರಿಕೆ ಸಂಸ್ಥೆ ವರ್ಲ್ಡ್ ಆರ್ಚರಿಯ ಲಾಂಗ್‌ಬೋ ವಿಭಾಗದ ನಿಯಮವೂ ಇದೇ. ನಿನ್ನ ರಿಕರ್ವ್ ಸದ್ದು ಮಾಡುವುದು ಇಲ್ಲೇ. ಅದರಲ್ಲಿ ಹೆದೆ ಲಿಂಬಿನ ಬಾಗಿದ ಭಾಗದ ಮೇಲೆ ಮಲಗಿರುತ್ತದೆ, ಹೊಡೆದಾಗಲೆಲ್ಲ ಬಂದು ಬಡಿಯುತ್ತದೆ. ಲಾಂಗ್‌ಬೋದಲ್ಲಿ ಬಡಿಯಲು ಜಾಗವೇ ಇಲ್ಲ.

ರಾಣೆಬೆನ್ನೂರು ರೈತ

ನಡುವೆ ಬಾಯಿ ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸದ್ದಿಲ್ಲದ ಬಿಲ್ಲು ಅಂದಾಗ ಓದಿದೆ. ಗೋವಿನಜೋಳಕ್ಕೆ ಹಂದಿ ಕಾಟ ವಿಪರೀತ. 50 ಪೌಂಡಿನದು ಅದಕ್ಕೆ ಸಾಕಾಗುತ್ತದೆಯೇ?

ಕಪ್ಪತಗುಡ್ಡದ ಗಾಳಿ

ಬೇಡ್ರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಂದಿಗೂ ಅನ್ವಯ. ನಿಮ್ಮದೇ ಹೊಲ ಆದರೂ ಹೊಡೆದರೆ ಕೇಸು. ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಹಾಕಿ, ಫೋಟೋ ತೆಗೆದಿಟ್ಟುಕೊಳ್ಳಿ. ಇಲ್ಲಿ ನಾವೆಲ್ಲ ಹೊಡೆಯುವುದು ಗೋಣಿಚೀಲಕ್ಕೆ.

ವಿದ್ಯಾನಗರ ಫಿಸಿಯೋ, ಹುಬ್ಬಳ್ಳಿ

ಎಲ್ಲರೂ ಬಿಲ್ಲಿನ ಬಗ್ಗೆ ಹೇಳಿದಿರಿ, ಹೊಡೆಯುವವರ ಭುಜದ ಬಗ್ಗೆ ಯಾರೂ ಹೇಳಲಿಲ್ಲ. 30ರಿಂದ 50ಕ್ಕೆ ಒಮ್ಮೆಲೇ ಹಾರುವುದು ಬೇಡ. ಭುಜದ ಕೀಲನ್ನು ಹಿಡಿದಿಡುವುದು ನಾಲ್ಕು ಸಣ್ಣ ಸ್ನಾಯುಗಳು. ಬೆನ್ನಿನ ದೊಡ್ಡ ಸ್ನಾಯು ಬೇಗ ಬಲ ಪಡೆಯುತ್ತದೆ. ಈ ಸಣ್ಣವುಗಳ ಸ್ನಾಯುರಜ್ಜು ತಡವಾಗಿ ಹೊಂದಿಕೊಳ್ಳುತ್ತದೆ. ಹೀಗಾಗಿ ಎಳೆಯಲು ಆಗುತ್ತದೆ, ಆದರೆ ಹಿಡಿದು ನಿಲ್ಲಿಸಲು ಆಗುವುದಿಲ್ಲ.

ಇಂಗ್ಲೆಂಡಿನಲ್ಲಿ 1545ರಲ್ಲಿ ಮುಳುಗಿದ ಮೇರಿ ರೋಸ್ ಎಂಬ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಿದರು. ಅದರಲ್ಲಿ ಸಿಕ್ಕ ಲಾಂಗ್‌ಬೋಗಳ ಎಳೆತ 100 ಪೌಂಡಿಗೂ ಮೇಲೆ ಎಂದು ಅಂದಾಜು. ಜೊತೆಗೆ ಸಿಕ್ಕ ಅಸ್ಥಿಪಂಜರಗಳಲ್ಲಿ ಭುಜದ ಮೇಲಿನ ಮೂಳೆಯ ತುದಿ ಕೂಡಿಕೊಳ್ಳದೆ ಬೇರೆಯೇ ಉಳಿದದ್ದು ಅನೇಕರಲ್ಲಿ ಕಂಡಿತು. ಚಿಕ್ಕಂದಿನಿಂದ ಭಾರಿ ಬಿಲ್ಲು ಎಳೆದದ್ದಕ್ಕೆ ಹೀಗಾಗಿರಬಹುದು ಅನ್ನುತ್ತಾರೆ. ಹುಡುಗತನದಿಂದ ಪಳಗಿದ ಮೈಗೇ ಹೀಗೆ. ನಾವು ಆಫೀಸಿನ ಕುರ್ಚಿಯಲ್ಲಿ ಕೂತು ಎದ್ದು ಬರುವವರು.

ನನ್ನ ಅಳತೆ ಸರಳ. ಪೂರ್ತಿ ಎಳೆದು, ಗದ್ದಕ್ಕೆ ಕೈ ತಾಗಿಸಿ, ಉಸಿರು ಕಟ್ಟದೆ ನಿಲ್ಲಲು ಆಗಬೇಕು. ಅಭ್ಯಾಸದ ಕೊನೆಯ ಬಾಣಕ್ಕೂ ಆಗಬೇಕು. ಭುಜ ಕಿವಿಯತ್ತ ಏರಿದರೆ ಆ ಬಿಲ್ಲು ಈಗ ನಿಮ್ಮದಲ್ಲ. ಐದೈದು ಪೌಂಡ್ ಏರಿಸಿ, ನಡುವೆ ತಿಂಗಳುಗಟ್ಟಲೆ ಬಿಡಿ.

ಸಪ್ತಾಪುರದ ಬಾಣ

ಮೇಡಂ, 45 ಆದರೂ...?

ವಿದ್ಯಾನಗರ ಫಿಸಿಯೋ

ತರಕಾರಿ ಚೌಕಾಸಿ ಮಾಡಿದ ಹಾಗೆ ಮಾಡಬೇಡಿ. 😄 35, ಹೆಚ್ಚೆಂದರೆ 40.

ಹಳೇ ಹುಬ್ಬಳ್ಳಿ ಕೆತ್ತನೆ

ಮೂರು ತುಂಡಿನ ಬಿಲ್ಲಿಗೆ ನಾನು ಓಟು ಹಾಕುವುದು ಇದಕ್ಕೇ. ರೈಸರ್ ಒಮ್ಮೆ ಒಳ್ಳೆಯದು ತಗೊಳ್ಳಿ. ಲಿಂಬ್ ಈಗ 40ರದ್ದು. ಮೈ ಒಗ್ಗಿದ ಮೇಲೆ 45, ಆಮೇಲೆ 50. ಹಳೆ ಲಿಂಬ್‌ಗೆ ಇಲ್ಲೇ ಗಿರಾಕಿ ಸಿಗುತ್ತಾರೆ. ಆದರೆ ಕೊಳ್ಳುವ ಮೊದಲೇ ಕೇಳಿ: ಇದೇ ರೈಸರ್‌ಗೆ 50ರ ಲಿಂಬ್ ಈಗಲೂ ಮಾಡುತ್ತೀರಾ, ಬಿಡಿಯಾಗಿ ಕೊಡುತ್ತೀರಾ ಅಂತ. ಕೈಯಲ್ಲಿ ಮಾಡುವವರಾದರೆ ಹೊಸ ಲಿಂಬ್ ಹೊಂದಿಸಲು ರೈಸರನ್ನು ವಾಪಸ್ ಕಳಿಸಿ ಅನ್ನಬಹುದು. ಹೊರದೇಶದವರಾದರೆ ಕೊರಿಯರ್ ಖರ್ಚು, ಸುಂಕ ಎರಡೂ ಸೇರಿ ಲಿಂಬಿಗಿಂತ ದುಬಾರಿ.

ಸ್ಯಾಮಿಕ್ ಸೇಜ್ ಇಷ್ಟು ಹೆಸರು ಮಾಡಿದ್ದು ಇದಕ್ಕೇ ಅಲ್ವಾ? ಅದು ರಿಕರ್ವ್, ಲಾಂಗ್‌ಬೋ ಅಲ್ಲ. ಆದರೆ ಒಂದೇ ರೈಸರ್‌ಗೆ 25ರಿಂದ 60 ಪೌಂಡಿನವರೆಗೆ ಲಿಂಬ್ ಸಿಗುತ್ತಿತ್ತು.

ಉದ್ದ 62ಕ್ಕಿಂತ ಕಡಿಮೆ ಬೇಡ. 64 ಸಿಕ್ಕರೆ ಇನ್ನೂ ಮೇಲು. ಹೆದೆ ಬೆರಳನ್ನು ಚಿವುಟುವುದು ಕಡಿಮೆಯಾಗುತ್ತದೆ, ಕೊನೆಯ ಇಂಚಿನಲ್ಲಿ ಎಳೆತ ಒಮ್ಮೆಲೇ ಬಿಗಿಯುವುದಿಲ್ಲ.

ಬೆಟಗೇರಿ ಹೆದೆ, ಗದಗ-ಬೆಟಗೇರಿ

ನಮ್ಮದು ಮಗ್ಗದ ಮನೆ, ನೂಲಿನ ಮಾತು ಬಂದರೆ ಸುಮ್ಮನಿರಲು ಆಗುವುದಿಲ್ಲ. ಇಲ್ಲಿಯವರೆಗೆ ಹೆದೆಯ ನೂಲಿನ ಬಗ್ಗೆ ಒಬ್ಬರೂ ಹೇಳಲಿಲ್ಲ. ಅತಿ ಕಡಿಮೆ ಖರ್ಚಿನಲ್ಲಿ ಸದ್ದು ಇಳಿಯುವುದು ಅಲ್ಲೇ.

ಡೇಕ್ರಾನ್ (ಪಾಲಿಯೆಸ್ಟರ್ ನೂಲು) ಹೆದೆ ಸ್ವಲ್ಪ ಹಿಗ್ಗುತ್ತದೆ. ಹಿಗ್ಗುವುದರಿಂದ ಬಿಲ್ಲಿಗೆ ಆಘಾತ ಕಡಿಮೆ, ಸದ್ದು ಮೆತ್ತಗೆ. ಫಾಸ್ಟ್ ಫ್ಲೈಟ್ ಜಾತಿಯ ನೂಲು ಹಿಗ್ಗುವುದಿಲ್ಲ, ಬಾಣ ಬೇಗ ಹೋಗುತ್ತದೆ, ಸದ್ದು ಚುರುಕು. ತುದಿ ಗಟ್ಟಿ ಮಾಡಿರದ ಹಳೆ ಬಿಲ್ಲಿಗೆ ಅದನ್ನು ಹಾಕಲೇಬಾರದು. ಎಳೆಗಳ ಸಂಖ್ಯೆ ಹೆಚ್ಚಿಸಿದರೆ, ಹೆದೆ ದಪ್ಪವಾದರೆ, ಸದ್ದು ಇನ್ನೂ ಇಳಿಯುತ್ತದೆ. ಹೊಸೆದು ಮಾಡಿದ ಹೆದೆಯಲ್ಲಿ ಇನ್ನೊಂದು ಅನುಕೂಲ ಇದೆ. ಹುರಿ ಏರಿಸಿದರೆ ಹೆದೆ ಗಿಡ್ಡವಾಗಿ ಬ್ರೇಸ್ ಹೈಟ್ ಏರುತ್ತದೆ, ಹುರಿ ಬಿಟ್ಟರೆ ಇಳಿಯುತ್ತದೆ.

ಬ್ರೇಸ್ ಹೈಟ್ ಅಂದರೆ ಹೆದೆ ಕಟ್ಟಿದ ಬಿಲ್ಲಿನಲ್ಲಿ ಹಿಡಿಕೆಯಿಂದ ಹೆದೆಗಿರುವ ದೂರ. ಲಾಂಗ್‌ಬೋಗೆ ಸಾಮಾನ್ಯವಾಗಿ ಆರೂವರೆಯಿಂದ ಏಳೂವರೆ ಇಂಚು. ಬಿಲ್ಲು ಮಾಡಿದವರು ಹೇಳಿದ ಕೆಳಗಿನ ಅಳತೆಯಿಂದ ಶುರು ಮಾಡಿ, ನಾಲ್ಕಾರು ಹುರಿ ಏರಿಸಿ ಹೊಡೆಯಿರಿ. ಮತ್ತೆ ಏರಿಸಿ. ಒಂದು ಜಾಗದಲ್ಲಿ 'ಟಂಯ್' ಅನ್ನುವುದು 'ದುಪ್' ಆಗುತ್ತದೆ. ಅಲ್ಲಿ ನಿಲ್ಲಿಸಿ, ಅಳತೆಯನ್ನು ಲಿಂಬಿನ ಒಳಬದಿಗೆ ಪೆನ್ಸಿಲಿನಿಂದ ಬರೆದಿಡಿ.

ಇನ್ನು ಉಣ್ಣೆ. ಹೊರಗಿನವರು ಬೀವರ್ ತುಪ್ಪಳ ಕಟ್ಟುತ್ತಾರೆ, ರಬ್ಬರ್ ಮೀಸೆ ಕಟ್ಟುತ್ತಾರೆ. ನಮ್ಮಲ್ಲಿ ಕುರಿ ಕಂಬಳಿಯ ನೂಲು ಇದೆಯಲ್ಲ. ಆ ಒರಟು ನೂಲನ್ನು ಹೆದೆಯ ಎಳೆಗಳ ನಡುವೆ ತೂರಿಸಿ ಗಂಟು ಹಾಕಿ, ಕತ್ತರಿಸಿ ಕುಚ್ಚು ಮಾಡಿ. ಮೇಲೊಂದು, ಕೆಳಗೊಂದು. ಎರಡನ್ನೂ ಒಂದೇ ದೂರದಲ್ಲಿ ಇಡಬೇಡಿ. ಒಂದು ಹೆದೆಯ ಮೂರನೇ ಒಂದು ಭಾಗದಲ್ಲಿ, ಇನ್ನೊಂದು ನಾಲ್ಕನೇ ಒಂದು ಭಾಗದಲ್ಲಿ ಇದ್ದರೆ ಎರಡು ಬಗೆಯ ನಡುಕ ಸಾಯುತ್ತದೆ. ಕುಚ್ಚು ದೊಡ್ಡದಾದರೆ ಬಾಣದ ವೇಗ ತಿನ್ನುತ್ತದೆ. ಧಾರವಾಡದ ಮಳೆಯಲ್ಲಿ ನೆನೆದರೆ ಇನ್ನೂ ಭಾರ, ಒಣಗಿಸಿಯೇ ಹೊಡೆಯಿರಿ. ಹೆದೆಗೆ ಆಗಾಗ ಜೇನುಮೇಣ ಉಜ್ಜಿ. ಕುಚ್ಚಿಗೆ ಮಾತ್ರ ಮೇಣ ತಾಗಿಸಬೇಡಿ.

ಒಂದೇ ತುಂಡು

ಅಕ್ಕಾವ್ರ ಮಾತಿಗೆ ನನ್ನದೂ ಒಪ್ಪಿಗೆ. ಕಂಬಳಿ ನೂಲು ನನ್ನ ಬಿಲ್ಲಿನಲ್ಲೂ ಇದೆ. ಬಾಣ ಕೂರುವ ಶೆಲ್ಫ್ ಮೇಲೆ ಚರ್ಮದ ತುಂಡು ಹಾಕಿದ್ದೇನೆ, ಬಾಣ ಜಾರುವಾಗ ಸರ್ ಅನ್ನುವುದಿಲ್ಲ. ಆದರೂ ಬಿಲ್ಲು ಒಂದೇ ತುಂಡು.

ಸಪ್ತಾಪುರದ ಬಾಣ

ಇಷ್ಟೆಲ್ಲ ಮಾಡಿದರೆ ಅಜ್ಜಾರಿಗೆ ಕೇಳುವುದಿಲ್ಲ ಅಲ್ವಾ?

ಕಪ್ಪತಗುಡ್ಡದ ಗಾಳಿ

ಅಜ್ಜಾರಿಗೆ ಕೇಳುತ್ತಿರುವುದು ಬಿಲ್ಲೇ ಅಂತ ನಿನಗೆ ಹೇಗೆ ಗೊತ್ತು? ನಿನ್ನ ಗುರಿ ಯಾವುದು, ಅದರ ಹಿಂದೆ ಏನಿದೆ?

ಸಪ್ತಾಪುರದ ಬಾಣ

ಥರ್ಮಾಕೋಲ್ ಹಲಗೆ. ಹಿಂದೆ ಪ್ಲೈವುಡ್, ಕಾಂಪೌಂಡ್ ಗೋಡೆಗೆ ಒರಗಿಸಿದ್ದೇನೆ.

ಕಪ್ಪತಗುಡ್ಡದ ಗಾಳಿ

ಆ ಗೋಡೆಯ ಆಚೆ ಅಜ್ಜಾರ ಕೋಣೆ ಇರಬೇಕು. ಹತ್ತು ಮೀಟರಿನಲ್ಲಿ ಬಾಣ ಬಡಿಯುವ ಸದ್ದು ಬಿಲ್ಲಿನ ಸದ್ದಿಗಿಂತ ದೊಡ್ಡದು. ಪ್ಲೈವುಡ್ ಅದನ್ನು ಪೂರ್ತಿ ಗೋಡೆಗೆ ದಾಟಿಸುತ್ತದೆ. ಮೊದಲು ಅದನ್ನು ತೆಗೆ. ಗೋಣಿಚೀಲಕ್ಕೆ ಹಳೆ ಬಟ್ಟೆ, ಪ್ಲಾಸ್ಟಿಕ್ ಚೀಲ ಒತ್ತಿ ತುಂಬು. ಗುಂಡಿ, ಜಿಪ್ ಇದ್ದರೆ ಕತ್ತರಿಸಿ ತೆಗೆ. ಗೋಡೆಯಿಂದ ಎರಡು ಅಡಿ ದೂರದಲ್ಲಿ ನೇತುಹಾಕು. ಅದರ ಹಿಂದೆ ದಪ್ಪ ಜಮಖಾನ ಸಡಿಲವಾಗಿ ಇಳಿಬಿಡು. ಹರಿದದ್ದು ಸಾಕು, ನವಲಗುಂದದ ಹೊಸ ಜಮಖಾನ ಹಾಳು ಮಾಡಿದರೆ ನಿನ್ನ ಅವ್ವನ ಸದ್ದು ಕೇಳಬೇಕಾಗುತ್ತದೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. 40 ಪೌಂಡಿನ ಬಿಲ್ಲಿನ ಬಾಣ ಮೇಲಕ್ಕೆ ತಪ್ಪಿ ಹೋದರೆ ನೂರೈವತ್ತು ಮೀಟರ್ ದಾಟುತ್ತದೆ. ಸಪ್ತಾಪುರದಲ್ಲಿ ನೂರೈವತ್ತು ಮೀಟರ್ ಅಂದರೆ ನಾಲ್ಕು ಓಣಿ. ಹಿತ್ತಲಲ್ಲಿ 30ರದ್ದೇ ಇರಲಿ, ಅದೂ ಐದಾರು ಮೀಟರಿನಿಂದ, ಬಾಣ ಎಂದೂ ಗೋಡೆಯ ಎತ್ತರಕ್ಕೆ ಹೋಗದ ಹಾಗೆ. ಹೊಸದನ್ನು ಮುಳಗುಂದದಲ್ಲಿ ಹೊಡೆ.

ಹಳೇ ಹುಬ್ಬಳ್ಳಿ ಕೆತ್ತನೆ

ಮುಳಗುಂದಕ್ಕೆ ಒಯ್ಯುವಾಗ ಒಂದು ನೆನಪಿರಲಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಗಾಜು ಏರಿಸಿದ ಕಾರಿನೊಳಗೆ ಬಿಲ್ಲು ಬಿಡಬಾರದು. ಲಿಂಬ್ ಅಂದರೆ ಮರ, ಫೈಬರ್‌ಗ್ಲಾಸ್ ಪದರಗಳನ್ನು ಅಂಟಿಸಿದ್ದು. ಅಂಟು ಬಿಸಿಗೆ ಮೆತ್ತಗಾದರೆ ಪದರ ಬಿಡುತ್ತದೆ. ಹೆದೆ ಕಟ್ಟಲು ಕಾಲು ತೂರಿಸಿ ಬಗ್ಗಿಸಬೇಡಿ, ಲಿಂಬ್ ತಿರುಚುತ್ತದೆ. ಸ್ಟ್ರಿಂಗರ್ ಹಗ್ಗ ಬಳಸಿ.

ಸಪ್ತಾಪುರದ ಬಾಣ

ಎಲ್ಲರಿಗೂ ಥ್ಯಾಂಕ್ಸ್. ಮೂರು ತುಂಡಿನ 64 ಇಂಚಿನ ಹೈಬ್ರಿಡ್, ಮರದ ರೈಸರ್, 40 ಪೌಂಡಿನ ಲಿಂಬ್ ಅಂತ ತೀರ್ಮಾನಿಸಿದ್ದೇನೆ. ಹೆದೆ ಡೇಕ್ರಾನ್. ಪ್ಲೈವುಡ್ ತೆಗೆದು ಚೀಲ ನೇತುಹಾಕಿದೆ. ಕಿಟಕಿ ಇನ್ನೂ ತೆರೆದಿಲ್ಲ.

ಬಾಣದ ತೂಕ ನೋಡಲು ಬಂಗಾರದ ಅಂಗಡಿಗೆ ಹೋಗಿದ್ದೆ. ತಕ್ಕಡಿ ಮೇಲೆ ಬಾಣ ಇಟ್ಟಾಗ ಅವರ ಮುಖ ನೋಡಬೇಕಿತ್ತು. 22 ಗ್ರಾಮ್ ಬಂತು. ಅಂದರೆ ಸುಮಾರು 340 ಗ್ರೇನ್. 40ರಿಂದ ಭಾಗಿಸಿದರೆ 8.5. ಕಡಿಮೆ ಆಯಿತಲ್ವಾ? ಈಗಿರುವ 100 ಗ್ರೇನ್ ಮೊನೆ ತೆಗೆದು 150ರದ್ದು ಹಾಕಲೇ?

ಬೆಟಗೇರಿ ಹೆದೆ

ನಿಮ್ಮ ಎಳೆತ 27 ಇಂಚು ಅಂದಿರಿ. 40ರಿಂದ ಏಕೆ ಭಾಗಿಸುತ್ತೀರಿ? ನಿಮ್ಮ ಬೆರಳಿಗೆ ಬರುವುದು ಮೂವತ್ತೇಳೂವರೆ ಆಸುಪಾಸು. 9 ಆಗುತ್ತದೆ.

ಕಪ್ಪತಗುಡ್ಡದ ಗಾಳಿ

ಅಕ್ಕಾ ಹೇಳಿದ ಲೆಕ್ಕ ಸರಿ. ಮೊನೆ ಈಗಲೇ ಬದಲಿಸಬೇಡ. ಮೊನೆ ಭಾರವಾದರೆ ಬಾಣ ಹೊರಡುವಾಗ ಜಾಸ್ತಿ ಬಳುಕುತ್ತದೆ, ಸ್ಪೈನ್ (ಬಾಣದ ಬಿರುಸು) ಮೆತ್ತಗಾದಂತೆ ಲೆಕ್ಕ. ಬಿಲ್ಲು ಬಂದ ಮೇಲೆ ಒಂದು ಬಾಣದ ಗರಿ ಕಿತ್ತು, ಗರಿ ಇರುವ ಬಾಣಗಳ ಜೊತೆ ಹದಿನೈದು ಮೀಟರಿನಿಂದ ಹೊಡೆ. ನೀನು ಬಲಗೈಯಿಂದ ಎಳೆಯುವವನಾದರೆ, ಗರಿಯಿಲ್ಲದ್ದು ಬಲಕ್ಕೆ ಬಿದ್ದರೆ ಬಾಣ ಮೆತ್ತಗಿದೆ, ಎಡಕ್ಕೆ ಬಿದ್ದರೆ ಬಿರುಸಾಗಿದೆ. ಎಡಕ್ಕೆ ಬಿದ್ದರೆ ಮಾತ್ರ 150ರ ಮೊನೆ ಹಾಕು, ಎರಡೂ ಕೆಲಸ ಒಟ್ಟಿಗೆ ಆಗುತ್ತದೆ. ಬಲಕ್ಕೆ ಬಿದ್ದರೆ ಬಾಣದ ಕಡ್ಡಿ, ಶಾಫ್ಟನ್ನೇ ಬದಲಿಸಬೇಕು.

ನಾಕ್, ಅಂದರೆ ಬಾಣದ ಹಿಂತುದಿಯ ಕಚ್ಚು, ಹೆದೆಗೆ ಎಷ್ಟು ಬಿಗಿಯಾಗಿ ಕೂರುತ್ತದೆ ಅಂತಲೂ ನೋಡು. ಬಾಣವನ್ನು ನೇತುಬಿಟ್ಟು ಹೆದೆಗೆ ಮೆಲ್ಲಗೆ ಬೆರಳು ತಟ್ಟಿದರೆ ಬೀಳಬೇಕು.

ಸಪ್ತಾಪುರದ ಬಾಣ

ಬಲಗೈ ಅಣ್ಣಾ. ಬಿಲ್ಲು ಬಂದ ಮೊದಲ ಭಾನುವಾರವೇ ಹೊಡೆದು ಇಲ್ಲಿ ಫೋಟೋ ಹಾಕುತ್ತೇನೆ. ಅಕ್ಕಾ, ಕಂಬಳಿ ನೂಲು ಗದಗಿನಲ್ಲಿ ಎಲ್ಲಿ ಸಿಗುತ್ತದೆ?

ಬೆಟಗೇರಿ ಹೆದೆ

ಕೊಳ್ಳಬೇಡಿ. ನಿಮಗೆ ಬೇಕಾದದ್ದು ಎರಡು ಮೊಳ. ಮುಳಗುಂದಕ್ಕೆ ಗದಗ ದಾಟಿಯೇ ಹೋಗುತ್ತೀರಲ್ಲ, ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಇಲ್ಲೇ ಮೆಸೇಜ್ ಹಾಕಿ. ತಮ್ಮನ ಕೈಯಲ್ಲಿ ಕಳಿಸುತ್ತೇನೆ.